ಹೊರಬೀಡಿನ ದಿನದ ಎಣಿಕೆ

ಕೊಂಡ್ಲಹಳ್ಳಿಯಿಂದ ಎರೆಹಟ್ಟಿಗೆ ಒಂಬತ್ತು ಕಿಲೋಮೀಟರು. ಮೊದಲ ಆರು ಗರಸು ಮಣ್ಣು ಹಾಸಿ ಗಟ್ಟಿಮಾಡಿದ ದಾರಿ, ಆಮೇಲೆ ದೊಡ್ಡಹಳ್ಳ, ಹಳ್ಳ ದಾಟಿದರೆ ಊರು ಮುಟ್ಟುವವರೆಗೆ ಬರೀ ಎರೆಮಣ್ಣು. ಬೇಸಿಗೆಯಲ್ಲಿ ಈ ಎರೆ ಬಾಯಿ ಬಿಟ್ಟುಕೊಂಡು ಮಲಗಿರುತ್ತದೆ. ನಾಲ್ಕು ಹನಿ ಬಿದ್ದರೆ ಸಾಕು, ಗಾಡಿಯ ಚಕ್ರವನ್ನೂ ಹಿಡಿಯುತ್ತದೆ, ಕಾಲಿನ ಚಪ್ಪಲಿಯನ್ನೂ ಹಿಡಿಯುತ್ತದೆ. ಹಳ್ಳಕ್ಕೆ ಆಗ ಸೇತುವೆ ಇರಲಿಲ್ಲ. ಶ್ರಾವಣದಿಂದ ದೀಪಾವಳಿಯವರೆಗೆ ಅದು ಯಾವ ದಿನ ಬರುತ್ತದೆ, ಯಾವ ದಿನ ಇಳಿಯುತ್ತದೆ ಎಂದು ಯಾರೂ ಹೇಳುವಂತಿರಲಿಲ್ಲ.

ಈ ರಸ್ತೆ ಹೊನ್ನಕ್ಕನದು. ಹಾಗೆಂದು ಯಾರೂ ಬರೆದುಕೊಟ್ಟಿರಲಿಲ್ಲ. ಆದರೆ ಎಪ್ಪತ್ತೈದನೇ ಇಸವಿಯಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಎರೆಹಟ್ಟಿಗೆ ಸೊಸೆಯಾಗಿ ಬಂದ ಮೂರನೇ ತಿಂಗಳಿಗೇ ಅವಳು ಲೋಕೋಪಯೋಗಿ ಇಲಾಖೆಯ ರಸ್ತೆ ಗ್ಯಾಂಗಿಗೆ ಕೂಲಿಯಾಗಿ ಸೇರಿದಳು; ಹದಿನೈದು ವರ್ಷದ ಮೇಲೆ ಖಾಯಂ ಆದಳು. ಅಂದಿನಿಂದ ಆ ದಾರಿಯ ಗುಂಡಿ ಮುಚ್ಚಿದವಳು, ಪಕ್ಕದ ಜಾಲಿ ಕಡಿದವಳು, ಮಳೆಗಾಲದಲ್ಲಿ ಚರಂಡಿ ಬಿಡಿಸಿದವಳು ಅವಳೇ. ಗಂಡ ಹನುಮಣ್ಣ ಇನ್ನೊಬ್ಬರ ಹೊಲದಲ್ಲಿ ದುಡಿಯುತ್ತಿದ್ದ. ಒಬ್ಬಳೇ ಮಗಳು ಸರಿತಾ.

ಹೊನ್ನಕ್ಕನಿಗೆ ಓದು ಬರಹ ಬಾರದು. ಎಣಿಕೆ ಬರುತ್ತಿತ್ತು. ವರ್ಷಕ್ಕೆರಡು ಸಲ ಇಲಾಖೆಯವರು ಬಳ್ಳಾರಿ ರಸ್ತೆಯಲ್ಲಿ ಓಡಾಡುವ ವಾಹನಗಳನ್ನು ಎಣಿಸುತ್ತಿದ್ದರು. ಎಷ್ಟು ಲಾರಿ, ಎಷ್ಟು ಬಸ್ಸು, ಎಷ್ಟು ಎತ್ತಿನಗಾಡಿ ಎಂಬುದರ ಮೇಲೆ ರಸ್ತೆ ಅಗಲವಾಗಬೇಕೋ ಬೇಡವೋ ತೀರ್ಮಾನವಾಗುತ್ತಿತ್ತು. ಒಮ್ಮೆ ಎಣಿಸುವವರು ಸಾಲದೆ ಹೊನ್ನಕ್ಕನನ್ನೂ ಕೂರಿಸಿದರು. ಅವಳು ಸಾಲಾಗಿ ಮಣ್ಣಿನ ಕುಡಿಕೆ ಇಟ್ಟುಕೊಂಡಳು. ಲಾರಿಗೆ ಒಂದು ಸೀತಾಫಲದ ಬೀಜ, ಬಸ್ಸಿಗೆ ಅವರೆಕಾಳು, ಗಾಡಿಗೆ ಹುಣಿಸೆಬೀಜ, ಸೈಕಲ್ಲಿಗೆ ಹೊಂಗೆಬೀಜ, ಟ್ರಾಕ್ಟರಿಗೆ ಹರಳುಬೀಜ. ಜೊತೆಗೆ ಕೂತಿದ್ದ ಪಿಯುಸಿ ಪಾಸಾದ ಇಬ್ಬರು ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚಿ, ಎದ್ದ ಮೇಲೆ ಅಂದಾಜಿನಲ್ಲಿ ಗೀಟು ಎಳೆದರು. ಸಂಜೆ ಎರಡೂ ಲೆಕ್ಕ ತಾಳೆಯಾಗಲಿಲ್ಲ. ವರ್ಕ್ ಇನ್‌ಸ್ಪೆಕ್ಟರ್ ಹೊನ್ನೂರಸ್ವಾಮಿ ಕುಡಿಕೆಗಳನ್ನು ಸುರಿದು ಬೀಜ ಎಣಿಸಿ, ಗೀಟಿನ ಕಾಗದವನ್ನು ಹರಿದು ಹಾಕಿದ. ಅವತ್ತಿನಿಂದ ಎಣಿಕೆ ಬಂದರೆ ಹೊನ್ನಕ್ಕನಿಗೇ ಕರೆ.

ಅವಳದೊಂದು ಚಾಳಿ ಇತ್ತು. ನಡೆದು ಹೋಗುವವರನ್ನೂ ಎಣಿಸುತ್ತಿದ್ದಳು. ಅವರಿಗೆ ಬೆಣಚುಕಲ್ಲಿನ ಚೂರು. ಅದನ್ನು ಯಾರೂ ಕೇಳುತ್ತಿರಲಿಲ್ಲ. ಸಂಜೆ ಅವಳೇ ಆ ಕುಡಿಕೆಯನ್ನು ರಸ್ತೆ ಬದಿಗೆ ಸುರಿದು ಮನೆಗೆ ಹೋಗುತ್ತಿದ್ದಳು.

ತೊಂಬತ್ತೇಳನೇ ಇಸವಿ ಜನವರಿಯಲ್ಲಿ ಹೊಸ ಅಸಿಸ್ಟೆಂಟ್ ಎಂಜಿನಿಯರ್ ಒಬ್ಬರು ಗ್ಯಾಂಗಿನವರನ್ನೆಲ್ಲ ಕೊಂಡ್ಲಹಳ್ಳಿಯ ಬೇವಿನ ಮರದ ಕೆಳಗೆ ಸೇರಿಸಿದರು. ಅಮರೇಶ್ ಎಂದು ಹೆಸರು. ಚಳ್ಳಕೆರೆಯಲ್ಲಿ ಎಣ್ಣೆ ಗಾಣ, ಅಂಗಡಿ ಇದ್ದ ಮನೆಯವರು. ವ್ಯಾಪಾರ ಬೇಡವೆಂದು ಎಂಜಿನಿಯರಿಂಗ್ ಓದಿದವರು. ಮಾತು ಕಡಿಮೆ, ಸಿಟ್ಟು ಸ್ವಲ್ಪ ಜಾಸ್ತಿ.

"ಜಿಲ್ಲೆಯ ರಸ್ತೆಗಳಿಗೆ ಇಪ್ಪತ್ತು ವರ್ಷದ ಯೋಜನೆ ಮಾಡ್ತಾ ಇದ್ದೀವಿ," ಎಂದರು. "ಯಾವ ರಸ್ತೆ ಮೊದಲು, ಯಾವುದು ಆಮೇಲೆ, ಯಾವುದು ಬೇಡ, ಎಲ್ಲ ಈಗಲೇ ಬರೀಬೇಕು. ಪಟ್ಟಿಗೆ ಬರದ ರಸ್ತೆ ಇಲಾಖೆ ಕೈಬಿಟ್ಟು ಹೋಗ್ತದೆ. ಹಳ್ಳಿ ರಸ್ತೆಗಳಿಗೆ ಒಂದೇ ದಿನದ ಎಣಿಕೆ, ಜಿಲ್ಲೆಗೆಲ್ಲ ಒಂದೇ ತಾರೀಖು. ಫೆಬ್ರವರಿ ಇಪ್ಪತ್ತೈದು."

ಹೊನ್ನಕ್ಕ ಎದ್ದು ನಿಂತಳು. "ಸಾರ್, ಪಟ್ಟಿಗೆ ಬಂದ್ರೆ ಬಸ್ಸು ಬರ್ತೈತಾ?"

"ಹಳ್ಳಕ್ಕೆ ದಾರಿ ಆದ್ರೆ ಬಸ್ ಬಿಡಕ್ಕೆ ಡಿಪೋದವರಿಗೆ ಬರೀಬಹುದು. ಮೊದಲು ಎಣಿಕೆ. ಸೊನ್ನೆ ಬಂದ್ರೆ ಸೊನ್ನೆ ಬರೀರಿ. ಇದರ ಮೇಲೆ ಇಪ್ಪತ್ತು ವರ್ಷ ಕೂರಬೇಕು."

ಬಸ್ಸಿನ ಮಾತು ಅವಳು ಸುಮ್ಮನೆ ಎತ್ತಿದ್ದಲ್ಲ. ಎರೆಹಟ್ಟಿಯ ಶಾಲೆ ಏಳನೇ ತರಗತಿಗೆ ಮುಗಿಯುತ್ತಿತ್ತು. ಹೈಸ್ಕೂಲು ಕೊಂಡ್ಲಹಳ್ಳಿಯಲ್ಲಿ. ಹಿಂದಿನ ವರ್ಷ ಮೂವರು ಹುಡುಗಿಯರು ಎಂಟನೇ ತರಗತಿಗೆ ಸೇರಿ, ಹಳ್ಳ ಎರಡು ಸಲ ಬಂದ ಮೇಲೆ ಬಿಟ್ಟು ಮನೆಯಲ್ಲಿ ಕೂತಿದ್ದರು. ಜೂನಿಗೆ ಸರಿತಾಳ ಸರದಿ. ಹನುಮಣ್ಣ ಕೆಟ್ಟವನಲ್ಲ, ಆದರೆ ಒಂದು ಮಾತು ಹೇಳಿಬಿಟ್ಟಿದ್ದ: "ಹಳ್ಳದಾಗೆ ಮಗೀನ ಇಳಿಸಿ ನಾನು ಹೊಲದಾಗೆ ನಿಂತ್ಕಳಾಕೆ ಆಗಲ್ಲ. ಬಸ್ಸು ಬರಂಗಿದ್ರೆ ಓದ್ಲಿ. ಇಲ್ಲಾಂದ್ರೆ ಸಾಕು." ಹಳ್ಳ ಬಂದಾಗ ಅದು ಹೇಗಿರುತ್ತದೆ ಎಂದು ಹೊನ್ನಕ್ಕನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಅದೇ ಚಳಿಗಾಲದಲ್ಲಿ ಊರಿನ ದನಗಳಿಗೆ ಕಾಲುಬಾಯಿ ಜ್ವರ ಬಂತು. ಊರ ಯಜಮಾನ ಕ್ಯಾತಪ್ಪ ನಾಲ್ಕು ಜನರನ್ನು ಕೂರಿಸಿಕೊಂಡು ಹೊರಬೀಡು ನಿಶ್ಚಯಿಸಿದ: ಭಾರತ ಹುಣ್ಣಿಮೆ ಕಳೆದ ಮಂಗಳವಾರ. ಹೊರಬೀಡೆಂದರೆ ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಹೊತ್ತು ಮೂಡುವ ಮುನ್ನ ಒಲೆ ಆರಿಸಿ, ದನ ಕುರಿ ಕೋಳಿ ಮುದುಕರು ಮಕ್ಕಳು ಎಲ್ಲ ಸೇರಿ ಊರು ಬಿಟ್ಟು ಹೊರಡಬೇಕು. ಊರಬಾಗಿಲಿಗೆ ಜಾಲಿಮುಳ್ಳು ಬಡಿಯಬೇಕು. ಅಡುಗೆ, ಊಟ, ಮಾತುಕತೆ ಎಲ್ಲ ಬಯಲಲ್ಲಿ. ದೀಪ ಹಚ್ಚುವ ಹೊತ್ತಿಗೆ ಮಾರಮ್ಮನ ಪೂಜೆ ಮಾಡಿ, ಮುಳ್ಳು ಸರಿಸಿ ಒಳಗೆ ಬರಬೇಕು. ಅಷ್ಟರಲ್ಲಿ ಬಂದ ರೋಗ ಯಾರೂ ಸಿಗದೆ ತಾನಾಗಿ ಹೋಗಿರುತ್ತದೆ ಎಂಬುದು ನಂಬಿಕೆ.

ಇಲ್ಲಿಯೇ ಎಡವಟ್ಟಾದದ್ದು. ಹೊರಬೀಡಿನ ದಿನ ಊರಿಗೆಲ್ಲ ಗೊತ್ತಿತ್ತು, ಹುಣ್ಣಿಮೆ ಮತ್ತು ವಾರದ ಲೆಕ್ಕದಲ್ಲಿ. ಎಣಿಕೆಯ ದಿನ ಹೊನ್ನಕ್ಕನಿಗೆ ಗೊತ್ತಿತ್ತು, ಇಂಗ್ಲಿಷ್ ತಿಂಗಳ ತಾರೀಖಿನ ಲೆಕ್ಕದಲ್ಲಿ. ಎರೆಹಟ್ಟಿಯಲ್ಲಿ ತಾರೀಖು ಬೇಕಾಗುತ್ತಿದ್ದದ್ದು ಶಾಲೆಯ ಮೇಷ್ಟರಿಗೆ ಮಾತ್ರ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ, ಹೊನ್ನಕ್ಕನಿಗೂ. ಸೋಮವಾರ ಮಧ್ಯಾಹ್ನ ಹೊನ್ನೂರಸ್ವಾಮಿ ಮೊಪೆಡ್ಡಿನಲ್ಲಿ ಬಂದು ಕಾಗದ ಕೊಟ್ಟು, "ನಾಳೆ ಬೆಳಿಗ್ಗೆ ಆರಕ್ಕೆ ಕೂತ್ಕಂಡುಬಿಡು, ರಾತ್ರಿ ಎಂಟರ ತನಕ," ಎಂದಾಗ ಅವಳ ಕೈ ಗುದ್ದಲಿಯ ಮೇಲೆ ನಿಂತುಬಿಟ್ಟಿತು.

"ನಾಳೆನಾ? ನಾಳೆ ನಮ್ಮೂರಾಗೆ ಹೊರಬೀಡು ಸ್ವಾಮಿ!"

"ನಿಮ್ಮೂರಾಗೆ ಹೊರಬೀಡು ಅಂತ ಜಿಲ್ಲೆನೇ ನಿಲ್ಲಿಸ್ತಾರೇನಮ್ಮ?" ಎಂದು ಅವನು ಮೊಪೆಡ್ಡು ತಿರುಗಿಸಿದ. ರಾಂಪುರದವನು, ಎರೆಹಟ್ಟಿಯ ಹೊರಬೀಡಿನ ಚಿಂತೆ ಅವನಿಗಿರಲಿಲ್ಲ.

ಅವಳು ನೇರ ಕ್ಯಾತಪ್ಪನ ಮನೆಗೆ ಹೋದಳು. ಅವನು ಜಗುಲಿಯ ಮೇಲೆ ಕೂತು ಜಾಲಿಮುಳ್ಳು ಎತ್ತುವ ಕವೆಗೋಲು ಕೆತ್ತುತ್ತಿದ್ದ.

"ಮಾವ, ಒಂದಿನ ಮುಂದಕ್ಕೆ ಹಾಕಾಕೆ ಆಗ್ತೈತಾ? ನಾಳೆ ರಸ್ತೆ ಎಣಿಕೆ ಐತಂತೆ."

ಕ್ಯಾತಪ್ಪ ತಲೆಯೆತ್ತಲಿಲ್ಲ. "ಅಮ್ಮಂಗೆ ಹೇಳಿ ಬರ್ತೀಯಾ, ನಾನು ಬರ್ಲಾ?"

"ಸರ್ಕಾರದ ತಾರೀಖು ಮಾವ."

"ನಿಮ್ ಸರ್ಕಾರಕ್ಕೆ ಬುಧವಾರ ಇಲ್ಲೇನು? ಹೋಗವ್ವ, ರೊಟ್ಟಿ ತಟ್ಕ ಹೋಗು. ಬೆಳಿಗ್ಗೆ ಒಲೆ ಹಚ್ಚಂಗಿಲ್ಲ."

ಹಾಗಾಗಿ ಮಂಗಳವಾರ ಕತ್ತಲಿರುವಾಗಲೇ ಹೊನ್ನಕ್ಕ ಕುಡಿಕೆಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಹಳ್ಳದ ದಡದ ಹುಣಿಸೆಮರದ ಕೆಳಗೆ ಕೂತಳು. ಅವಳಿಗೆ ಹೆದರಿಕೆ ಇದ್ದದ್ದು ಒಂದೇ. ಊರಿಗೆ ಮುಳ್ಳು ಬಡಿದ ಮೇಲೆ ಯಾರು ಬಂದಾರು, ಯಾರು ಹೋದಾರು, ಕುಡಿಕೆ ಖಾಲಿ ಉಳಿಯುತ್ತದೆ ಎಂದು. ಊರಿನವರು ಬೀಡು ಬಿಡುವ ಹೊಂಗೆತೋಪು ಹಳ್ಳದ ಆಚೆ ದಡದಲ್ಲಿದೆ ಎಂಬುದನ್ನು ಆ ಗಾಬರಿಯಲ್ಲಿ ಅವಳು ಮರೆತೇಬಿಟ್ಟಿದ್ದಳು.

ಬೆಳಕು ಹರಿಯುವ ಹೊತ್ತಿಗೆ ಮೊದಲ ಗಾಡಿ ಬಂತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಹತ್ತು. ನೊಗ ಕಾಣದೆ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದ ಗಾಡಿಗಳೂ ಅವತ್ತು ಹೊರಟಿದ್ದವು. ಒಂದರಲ್ಲಿ ಮುದುಕಿಯರು, ಒಂದರಲ್ಲಿ ಹಂಡೆ ಕಡಾಯಿ, ಒಂದರಲ್ಲಿ ಕೋಳಿಬುಟ್ಟಿ. ಕ್ಯಾರಿಯರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡ ಸೈಕಲ್ಲುಗಳು. ಪಕ್ಕದ ಮನೆಯ ಕೆಂಚಕ್ಕ ಗಾಡಿಯ ಮೇಲಿನಿಂದ ಕೂಗಿದಳು:

"ಏ ಹೊನ್ನಕ್ಕ, ನಮ್ ಕೋಳಿಗೂ ಒಂದು ಬೀಜ ಹಾಕೇ! ಅದೂ ಸವಾರಿ ಹೊಂಟೈತೆ!"

"ಇಳಿಸಿ ನಡೆಸ್ಕಂಡು ಬಾ, ಕಲ್ಲು ಹಾಕ್ತೀನಿ!" ಎಂದಳು ಹೊನ್ನಕ್ಕ. ಆದರೆ ಅವತ್ತು ಅವಳು ನಡೆಯುವವರಿಗೆ ಕಲ್ಲು ಹಾಕುವುದನ್ನು ಬಿಟ್ಟಳು. ಊರಿಗೆ ಊರೇ ನಡೆಯುತ್ತಿತ್ತು.

ಸಂಜೆ ಅಷ್ಟೂ ಗಾಡಿಗಳು ಹಿಂತಿರುಗಿದವು. ಮರುದಿನ ಹೊನ್ನೂರಸ್ವಾಮಿ ಕಾಗದ ತುಂಬಿಸಲು ಬಂದು ಬೀಜ ಎಣಿಸಿದ. ಎತ್ತಿನಗಾಡಿ ನೂರಾ ನಲವತ್ತೆಂಟು. ಸೈಕಲ್ಲು ನೂರಾ ಇಪ್ಪತ್ತೆರಡು. ಮೊಪೆಡ್ಡು ಎಂಟು, ಟ್ರಾಕ್ಟರು ನಾಲ್ಕು. ಅವನಿಗೆ ಖುಷಿಯಾದರೆ ತೆಲುಗು ಬರುತ್ತಿತ್ತು.

"ಏಮಮ್ಮಾ ಇದಿ! ಬಳ್ಳಾರಿ ರಸ್ತೆನಾಗೂ ಇಷ್ಟು ಗಾಡಿ ಇಲ್ಲವಲ್ಲೇ! ನಿಮ್ಮೂರು ಮೊದಲ ಪಟ್ಟಿನಾಗೆ ಬಂದಂಗೇ."

"ಸ್ವಾಮಿ, ಅದು ಹೊರಬೀಡಿಂದು. ದಿನಾ ಹಿಂಗೆ ಇರಲ್ಲ."

ಹೊನ್ನೂರಸ್ವಾಮಿ ಪೆನ್ನಿನ ಕ್ಯಾಪು ಹಾಕಿ ಅವಳನ್ನು ನೋಡಿದ. "ಎಣಿಸು ಅಂದ್ರು, ಎಣಿಸಿದೆ. ಸುಳ್ಳೇನಾದ್ರೂ ಸೇರಿಸಿದ್ದೀಯೇನು? ಒಂದು ಬೀಜನಾದ್ರೂ ಜಾಸ್ತಿ ಐತಾ? ಸುಮ್ನಿರು. ನಾನು ಕೇಳಿಲ್ಲ, ನೀನು ಹೇಳಿಲ್ಲ."

ಹನುಮಣ್ಣನೂ ಅದನ್ನೇ ಹೇಳಿದ. ಸುದ್ದಿ ಕ್ಯಾತಪ್ಪನಿಗೂ ಮುಟ್ಟಿತು. ಅವನಿಗೆ ಒಂದಿಷ್ಟೂ ಅನುಮಾನವಿರಲಿಲ್ಲ. "ನೋಡ್ದೇನವ್ವ, ಮುಂದಕ್ಕೆ ಹಾಕು ಅಂತ ಬಂದಿದ್ದೆ. ಅಮ್ಮನೇ ಕೊಟ್ಲು. ಕೊಟ್ಟಿದ್ದನ್ನ ತಿರುಗಿ ಕೊಡಾಕೆ ನೀನ್ಯಾರು?"

ಹೊನ್ನಕ್ಕ ಐದು ದಿನ ಸುಮ್ಮನಿದ್ದಳು. ಗುಂಡಿ ಮುಚ್ಚುವಾಗಲೂ ಅದೇ ಯೋಚನೆ. ಅವಳಿಗೆ ನೀತಿಯ ಪಾಠ ಯಾರೂ ಹೇಳಿಕೊಟ್ಟಿರಲಿಲ್ಲ, ಕೆಲಸ ಹೇಳಿಕೊಟ್ಟಿತ್ತು. ಗುಂಡಿಯ ಕೆಸರು ತೆಗೆಯದೆ ಮೇಲೆ ಜಲ್ಲಿ ಸುರಿದರೆ ನೋಡುವುದಕ್ಕೆ ಚೆಂದ. ಮೊದಲ ಲಾರಿ ಹೋದ ಮೇಲೆ ಅದೇ ಜಾಗ ಮೊದಲಿಗಿಂತ ಆಳವಾಗಿ ಕುಸಿಯುತ್ತದೆ, ಆಮೇಲೆ ಎಷ್ಟು ಜಲ್ಲಿ ಹಾಕಿದರೂ ಕುಡಿಯುತ್ತಲೇ ಇರುತ್ತದೆ. ಯಾರೋ ಒಬ್ಬ ದೊಡ್ಡ ಎಂಜಿನಿಯರು ಮುಂದಿನ ತಿಂಗಳು ಬಂದು, ನೂರಾ ನಲವತ್ತೆಂಟು ಗಾಡಿಯ ರಸ್ತೆ ಇದೇನಾ ಎಂದು ಅರ್ಧ ದಿನ ನಿಂತರೆ? ಆಗ ಎರೆಹಟ್ಟಿಯ ಹೆಸರಿಗೆ ಅಡ್ಡಗೀಟು ಬೀಳುತ್ತದೆ, ಇಪ್ಪತ್ತು ವರ್ಷಕ್ಕೆ. ಜೊತೆಗೆ ಇನ್ನೊಂದು. ಅವಳ ಕುಡಿಕೆಯ ಲೆಕ್ಕ ಸುಳ್ಳು ಎಂದು ಇದುವರೆಗೆ ಯಾರೂ ಹೇಳಿರಲಿಲ್ಲ. ಅವಳ ಹತ್ತಿರ ಇದ್ದ ಹೆಸರು ಅದೊಂದೇ.

ಸೋಮವಾರ ರಜೆ ಹೇಳಿ ಕೊಂಡ್ಲಹಳ್ಳಿಗೆ ನಡೆದು, ಅಲ್ಲಿಂದ ಬಸ್ಸು ಹಿಡಿದು ಮೊಳಕಾಲ್ಮೂರಿನ ಕಚೇರಿಗೆ ಹೋದಳು. ಅಮರೇಶ್ ನಕ್ಷೆ ಬಿಡಿಸುತ್ತ ಕೂತಿದ್ದರು. ಅವಳು ಬಾಗಿಲಲ್ಲೇ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಹೊನ್ನೂರಸ್ವಾಮಿ ಆಡಿದ ಮಾತನ್ನು ಮಾತ್ರ ಹೇಳಲಿಲ್ಲ.

ಅಮರೇಶರ ಮುಖ ಕೆಂಪಾಯಿತು. "ಕಾಗದ ಚಿತ್ರದುರ್ಗಕ್ಕೆ ಹೋಗಿ ನಾಲ್ಕು ದಿನ ಆಯ್ತು. ಈಗ ಬಂದು ಹೇಳ್ತೀಯಲ್ಲಮ್ಮ! ಮರದ ಕೆಳಗೆ ತಾರೀಖು ಹೇಳಿದಾಗ ಬಾಯಿಗೆ ಏನಾಗಿತ್ತು?"

"ತಾರೀಖು ನಮಗೆ ಎಲ್ಲಿ ತಿಳಿತೈತೆ ಸಾರ್. ನಮಗೆ ಮಂಗಳವಾರ ಗೊತ್ತು, ಹುಣ್ಣಿಮೆ ಗೊತ್ತು. ಮಂಗಳವಾರ ಅಂದಿದ್ರೆ ಅವತ್ತೇ ಹೇಳ್ತಿದ್ದೆ."

ಅವರು ಗೋಡೆಯ ಕ್ಯಾಲೆಂಡರನ್ನು ಒಮ್ಮೆ ನೋಡಿದರು. ಅದರಲ್ಲಿ ಎರಡೂ ಇದ್ದವು. ದಪ್ಪಕ್ಷರದಲ್ಲಿ ತಾರೀಖು, ಸಣ್ಣಕ್ಷರದಲ್ಲಿ ಹುಣ್ಣಿಮೆ. ತಾರೀಖು ಗೊತ್ತುಮಾಡಿದ ದಿನ ಆ ಸಣ್ಣಕ್ಷರವನ್ನು ಅವರೂ ನೋಡಿರಲಿಲ್ಲ.

"ಮೇಲಿನವರ ಹತ್ರ ಬೈಸ್ಕೋಬೇಕು," ಎಂದರು ಕೊನೆಗೆ. "ಬೈಸ್ಕೊಳ್ತೀನಿ. ಬುಧವಾರದಿಂದ ಮೂರು ದಿನ ಮತ್ತೆ ಎಣಿಸೋಣ. ನಾನೂ ಬರ್ತೀನಿ. ನೀನು ಹೇಳದೆ ಹೋಗಿದ್ರೆ ಮುಂದೆ ಅದು ನನ್ನ ತಲೆಗೇ ಬರೋದು."

ಹೇಳಿದಂತೆ ಬಂದರು. ಮೂರು ದಿನ ಹುಣಿಸೆಮರದ ಕೆಳಗೆ ಮಡಚುವ ಕುರ್ಚಿ ಹಾಕಿಕೊಂಡು ಕೂತರು. ಹೊನ್ನಕ್ಕ ಕಟ್ಟಿ ತಂದ ರೊಟ್ಟಿ, ಶೇಂಗಾ ಚಟ್ನಿ ತಿಂದರು. ಲೆಕ್ಕ ಅವಳು ಅಂದುಕೊಂಡಂತೆಯೇ ಬಂತು. ದಿನಕ್ಕೆ ಗಾಡಿ ಒಂಬತ್ತು, ಸೈಕಲ್ಲು ಇಪ್ಪತ್ತೊಂದು, ಮೊಪೆಡ್ಡು ಎರಡು. ಮೂರನೇ ಸಂಜೆ ಅಮರೇಶ್ ಕಾಗದದ ಲೆಕ್ಕವನ್ನು ಎರಡು ಸಲ ಕೂಡಿ ನೋಡಿದರು. ಇಷ್ಟು ಕಡಿಮೆ ಓಡಾಟಕ್ಕೆ ಯಾವ ಪಟ್ಟಿಯಲ್ಲೂ ಜಾಗವಿಲ್ಲ ಎಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು.

ಹೊನ್ನಕ್ಕ ಅಭ್ಯಾಸದಂತೆ ಕಲ್ಲಿನ ಕುಡಿಕೆ ಎತ್ತಿ ಸುರಿಯಲು ಹೋದಳು.

"ತಡಿ. ಅದೇನು?"

"ಏನಿಲ್ಲ ಸಾರ್. ನಡಿಯೋರು. ನಿಮ್ ಕಾಗದದಾಗೆ ಅವರಿಗೆ ಅಂತ ಗೆರೆ ಹಾಕಿದ ಮನೆ ಇಲ್ಲ, ಸುರಿದುಬಿಡ್ತೀನಿ."

"ಎಷ್ಟಿವೆ?"

ಎಣಿಸಿದರು. ನೂರಾ ಎಂಬತ್ತಾರು. ಹಿಂದಿನ ಎರಡು ದಿನವೂ ಹೆಚ್ಚುಕಡಿಮೆ ಅಷ್ಟೇ ಎಂದಳು ಹೊನ್ನಕ್ಕ. ಸುರಿದ ಕಲ್ಲು ಇಲ್ಲೇ ಬಿದ್ದಿದೆ, ಬೇಕಾದರೆ ನೋಡಿ ಎಂದು ಕಾಲಬುಡ ತೋರಿಸಿದಳು.

"ಇಷ್ಟು ಜನ ಒಂಬತ್ತು ಕಿಲೋಮೀಟರ್ ನಡೀತಾರಾ? ಊರಲ್ಲಿ ಗಾಡಿ ಇಲ್ವಾ?"

"ಗಾಡಿ ಇಲ್ಲದೇನು? ಹೊರಬೀಡಿನ ದಿನ ನೋಡಿದ್ರಲ್ಲ ಲೆಕ್ಕದಾಗೆ. ಹೋಗ್ತಾ ಎಪ್ಪತ್ನಾಕು, ಬರ್ತಾ ಎಪ್ಪತ್ನಾಕು. ಊರಾಗಿರೋ ಗಾಡಿ ಒಂದೂ ಬಿಡದಂಗೆ ಅವತ್ತು ಹಳ್ಳ ದಾಟೈತೆ. ಅಮ್ಮನ ಮೇಲಿನ ಭಯಕ್ಕೆ ದಾಟಿಸ್ತಾರೆ ಸಾರ್. ಸಂತೆಗೆ ಅಂತ ದಾಟಿಸಿ ಎತ್ತಿನ ಕಾಲು ಯಾರು ಮುರಿಸ್ಕಂತಾರೆ? ಅದಕ್ಕೇ ತಲೆ ಮೇಲೆ ಹೊತ್ಕಂಡು ನಡಿತಾರೆ."

ಅಮರೇಶ್ ಹಳ್ಳದ ಇಳಿಜಾರಿನ ಕಡೆ ನೋಡಿದರು. ಬಂಡೆಗಳ ನಡುವೆ ಮುರಿದ ಒಂದು ಚಕ್ರದ ಪಟ್ಟಿ ಬಿದ್ದಿತ್ತು. ಮೂರು ದಿನದಿಂದ ಅದು ಅಲ್ಲೇ ಇತ್ತು.

"ಹಂಗಾದ್ರೆ ನೀನು ಮಂಗಳವಾರ ಎಣಿಸಿದ್ದು ಓಡಾಟ ಅಲ್ಲ," ಎಂದರು ನಿಧಾನವಾಗಿ. "ದಾರಿ ಇದ್ದಿದ್ರೆ ಆಗಬೇಕಾಗಿದ್ದ ಓಡಾಟ."

ಅವರು ಜೇಬಿನಿಂದ ಪೆನ್ನು ತೆಗೆದು ಏನೋ ಬರೆದರು. ಏನು ಬರೆದರೆಂದು ಅವಳು ಕೇಳಲಿಲ್ಲ. ಕುರ್ಚಿ ಮಡಚಿ ಜೀಪಿಗೆ ಹಾಕಿ ಹೊರಟುಹೋದರು.

ಊರಿಗೆ ಇದು ತಿಳಿಯಲು ಎರಡು ದಿನವೂ ಬೇಕಾಗಲಿಲ್ಲ. ಗಾಡಿಯ ಲೆಕ್ಕ ನೂರಾ ನಲವತ್ತೆಂಟಿದ್ದದ್ದು ಒಂಬತ್ತಕ್ಕೆ ಇಳಿದಿದೆ, ಇಳಿಸಿದವಳು ಹೊನ್ನಕ್ಕ. ಕ್ಯಾತಪ್ಪ ಅವಳ ಮನೆಯ ಮುಂದೆ ಹಾಯುವಾಗ ಮುಖ ತಿರುಗಿಸಿದ. ನೀರಿನ ಟ್ಯಾಂಕಿನ ಹತ್ತಿರ ಅವಳು ಕೊಡ ಇಟ್ಟರೆ ಮಾತು ನಿಲ್ಲುತ್ತಿತ್ತು. ಕೆಂಚಕ್ಕ ಒಬ್ಬಳೇ ಬಾಯಿಬಿಟ್ಟು ಕೇಳಿದಳು: "ನಿಂಗೇನು ಬಂದಿತ್ತೇ ದೊಡ್ಡರೋಗ? ಬಾಯಾಗೆ ಬೀಜ ಹಾಕ್ಕಂಡು ಕೂತ್ಕಳಾಕೆ ಆಗಲಿಲ್ಲಾ?" ಹೊನ್ನಕ್ಕ ಕೊಡ ಎತ್ತಿಕೊಂಡು ಬಂದಳು. ಜಗಳಕ್ಕೆ ಬರುವವಳಾದರೂ ಅವಳೊಬ್ಬಳಿದ್ದಾಳಲ್ಲ ಎನ್ನಿಸಿತು.

ಜೂನಿನಲ್ಲಿ ಸರಿತಾ ಹೈಸ್ಕೂಲಿಗೆ ಸೇರಿದಳು. ಹನುಮಣ್ಣ ಒಪ್ಪಿದ್ದು ದೀಪಾವಳಿಯವರೆಗೆ ಮಾತ್ರ. ಶ್ರಾವಣದಲ್ಲಿ ಹಳ್ಳ ಬಂತು. ಹೊನ್ನಕ್ಕ ಬೆಳಿಗ್ಗೆ ಮಗಳನ್ನು ಸೊಂಟಮಟ್ಟದ ನೀರಿನಲ್ಲಿ ಕೈಹಿಡಿದು ದಾಟಿಸಿ, ಅಲ್ಲೇ ಕೆಲಸ ಮಾಡಿಕೊಂಡು, ಸಂಜೆ ಮತ್ತೆ ದಾಟಿಸಿಕೊಂಡು ಬರುತ್ತಿದ್ದಳು. ಆಗದ ದಿನ ಶಾಲೆ ಇಲ್ಲ. ಹೀಗೆ ಇಪ್ಪತ್ತಾರು ದಿನ ತಪ್ಪಿತು. ಆಶ್ವಯುಜದ ಕೊನೆಗೆ ಹನುಮಣ್ಣ, "ಪಟ್ಟಿ ಇಲ್ಲ, ಗಿಟ್ಟಿ ಇಲ್ಲ. ಹಬ್ಬ ಆದ್ಮೇಲೆ ಬಿಡಿಸ್ತೀನಿ," ಎಂದ.

ಹಬ್ಬ ಕಳೆದ ವಾರ ಹೊನ್ನೂರಸ್ವಾಮಿ ಮೊಪೆಡ್ಡು ನಿಲ್ಲಿಸಿ, ಅವಳ ಮುಖ ನೋಡದೆ ಹೇಳಿದ: "ಯೋಜನೆ ಪುಸ್ತಕ ಬಂದೈತಂತೆ. ತಾಲ್ಲೂಕು ಕಚೇರಿನಾಗೆ ಇಟ್ಟವ್ರೆ. ಯಾರು ಬೇಕಾದ್ರೂ ನೋಡಬಹುದಂತೆ."

ಹೊನ್ನಕ್ಕ ಮಗಳನ್ನು ಶಾಲೆ ತಪ್ಪಿಸಿ ಕರೆದುಕೊಂಡು ಹೋದಳು. ಇಪ್ಪತ್ತೇಳನೇ ದಿನ. ಮೊಳಕಾಲ್ಮೂರಿನ ಕಚೇರಿಯ ಮೇಜಿನ ಮೇಲೆ ದಪ್ಪನೆಯ ಸೈಕ್ಲೋಸ್ಟೈಲ್ ಪುಸ್ತಕವೊಂದಿತ್ತು. ಸರಿತಾ ಹಾಳೆ ಮಗುಚುತ್ತ ಬೆರಳು ಓಡಿಸಿದಳು. ಬೆರಳು ನಿಂತಿತು.

"ಅವ್ವ, ಐತೆ."

"ಓದು."

"ಕ್ರಮ ಸಂಖ್ಯೆ ಇನ್ನೂರಾ ಹದಿನಾಲ್ಕು. ಎರೆಹಟ್ಟಿ ಕೂಡುರಸ್ತೆ. ಒಂಬತ್ತು ಕಿಲೋಮೀಟರು. ಮೊದಲ ಹಂತ: ದೊಡ್ಡಹಳ್ಳಕ್ಕೆ ಕಲ್ಲಿನ ಮುಳುಗು ಸೇತುವೆ, ಹಳ್ಳದಿಂದ ಊರಿಗೆ ಗರಸು. ಎರಡನೇ ಹಂತ: ಎತ್ತರದ ಸೇತುವೆ, ಡಾಂಬರು." ಅವಳು ಕೊನೆಯ ಮನೆಗೆ ಬಂದು ಕಣ್ಣು ಕಿರಿದು ಮಾಡಿದಳು, ಅಲ್ಲಿ ಅಕ್ಷರ ಸಣ್ಣದಿತ್ತು. "ಷರಾ ಅಂತ ಐತವ್ವ. 'ಎಣಿಕೆಯ ದಿನ ಗ್ರಾಮದಲ್ಲಿ ಹೊರಬೀಡು. ಈ ಸಂಗತಿಯನ್ನು ಎಣಿಕೆದಾರರಾದ ಶ್ರೀಮತಿ ಹೊನ್ನಕ್ಕ ಇವರೇ ತಿಳಿಸಿರುತ್ತಾರೆ. ಮರು ಎಣಿಕೆ ಲಗತ್ತಿಸಿದೆ. ಪಾದಚಾರಿಗಳು ದಿನಕ್ಕೆ ನೂರಾ ಎಂಬತ್ತಕ್ಕೂ ಹೆಚ್ಚು. ಗ್ರಾಮದಲ್ಲಿ ಗಾಡಿಗಳು ಎಪ್ಪತ್ನಾಲ್ಕು. ಹಳ್ಳದ ಕಾರಣದಿಂದ ಹೂಡುವುದಿಲ್ಲ. ಎರಡೂ ಎಣಿಕೆಗಳನ್ನು ಸೇರಿಸಿ ನೋಡತಕ್ಕದ್ದು.'"

"ಇನ್ನೊಂದ್ಸಲ ಓದು," ಎಂದಳು ಹೊನ್ನಕ್ಕ.

ಸರಿತಾ ಓದಿದಳು. ಮೇಜಿನ ಹಿಂದಿನ ಗುಮಾಸ್ತ, "ಆಯ್ತೇನಮ್ಮ, ಬೇರೆಯವರೂ ನೋಡಬೇಕು," ಎಂದ. ಹಿಂದೆ ಯಾರೂ ಇರಲಿಲ್ಲ. ಹೊನ್ನಕ್ಕ ಆ ಸಾಲಿನ ಮೇಲೆ ಒಮ್ಮೆ ಕೈಯಿಟ್ಟು ತೆಗೆದಳು.

ಅವತ್ತು ಸಂಜೆ ಹನುಮಣ್ಣ ಮಗಳ ಬಾಯಿಂದ ಷರಾವನ್ನು ಮೂರನೇ ಸಲ ಹೇಳಿಸಿದ. ಸರಿತಾಳಿಗೆ ಅಷ್ಟರಲ್ಲಿ ಬಾಯಿಪಾಠವಾಗಿತ್ತು. "ಪುಸ್ತಕದಾಗೆ ಬಂದೈತೆ ಅಂದ್ಮೇಲೆ ತಡಿಯಾಣ," ಎಂದ. ಅಷ್ಟೇ. ಹುಡುಗಿ ಶಾಲೆ ಬಿಡಲಿಲ್ಲ.

ಸರ್ಕಾರ ಬರೆದದ್ದನ್ನೆಲ್ಲ ಮಾಡುವುದಿಲ್ಲ. ಅದು ಎಲ್ಲರಿಗೂ ಗೊತ್ತು. ಇದನ್ನು ಮಾಡಿತು. ಕೊಂಚ ತಡವಾಗಿ ಮಾಡಿತು. ತೊಂಬತ್ತೆಂಟರಲ್ಲಿ ಮಾಡುತ್ತೇವೆಂದ ಮುಳುಗು ಸೇತುವೆ ತೊಂಬತ್ತೊಂಬತ್ತರ ಏಪ್ರಿಲಿನಲ್ಲಿ ಮುಗಿಯಿತು. ಕಲ್ಲು ಹೊರುವುದರಲ್ಲಿ ಹೊನ್ನಕ್ಕನ ಗ್ಯಾಂಗೂ ಇತ್ತು. ಜೂನಿನಲ್ಲಿ ದಿನಕ್ಕೆರಡು ಸಲ ಬಸ್ಸು ಬಂತು. ಸರಿತಾ ಎಂಟು, ಒಂಬತ್ತನ್ನು ಹಳ್ಳ ದಾಟಿ ಓದಿದಳು, ಹತ್ತನೇ ತರಗತಿಯನ್ನು ಬಸ್ಸಿನಲ್ಲಿ ಓದಿದಳು. ಹಿಂದೆ ಹಳ್ಳಕ್ಕೆ ಹೆದರಿ ಶಾಲೆ ಬಿಟ್ಟು ಮನೆಯಲ್ಲಿ ಕೂತಿದ್ದ ಮೂವರು ಹುಡುಗಿಯರಲ್ಲಿ ಒಬ್ಬಳು ಮತ್ತೆ ಸೇರಿದಳು. ಉಳಿದಿಬ್ಬರಿಗೆ ಅಷ್ಟರಲ್ಲಿ ಮದುವೆಯಾಗಿತ್ತು. ಹೊನ್ನಕ್ಕ ಇದನ್ನು ಮರೆಯಲಿಲ್ಲ. ಯಾರಾದರೂ ರಸ್ತೆಯನ್ನು ಹೊಗಳಿದರೆ ಆ ಇಬ್ಬರ ಹೆಸರನ್ನೂ ಹೇಳುತ್ತಿದ್ದಳು.

ಕ್ಯಾತಪ್ಪ ಮೊದಲ ಬಸ್ಸಿಗೆ ತೆಂಗಿನಕಾಯಿ ಒಡೆದು, ಹೊನ್ನಕ್ಕ ನಿಂತಿದ್ದ ಕಡೆಗೆ ಬಂದ. "ಅಮ್ಮ ಕೊಟ್ಲು ಅಂದೆನಲ್ಲ ನಾನು, ನೋಡು," ಎಂದ.

"ಹೌದು ಮಾವ. ಕೊಟ್ಟಿದ್ದು ಅಮ್ಮ. ಬರ್ದಿದ್ದು ಅಮರೇಶ್ ಸಾರು."

"ಬಾಯಿ ಮಾತ್ರ ಕಮ್ಮಿ ಆಗಲ್ಲ ನಿಂದು," ಎಂದ ಕ್ಯಾತಪ್ಪ. ಎರಡು ವರ್ಷದ ಮೇಲೆ ಅವನು ಅವಳೊಡನೆ ಮಾತಾಡಿದ್ದು ಅವತ್ತೇ ಮೊದಲು. ಕಾಯಿಯ ಒಂದು ಹೋಳನ್ನು ಅವಳ ಕೈಗೆ ಹಾಕಿ ಹೋದ.

ಅಮರೇಶರಿಗೆ ಆ ವರ್ಷವೇ ಬೇರೆ ಜಿಲ್ಲೆಗೆ ವರ್ಗವಾಯಿತು. ಹೊನ್ನಕ್ಕ ಹಸಿ ಶೇಂಗಾ ಒಂದು ಚೀಲ ತೆಗೆದುಕೊಂಡು ಮೊಳಕಾಲ್ಮೂರಿಗೆ ಹೋದಳು. ಅವರು ಬೇಡವೆಂದರು, ಇಲಾಖೆಯವರು ಯಾರಿಂದಲೂ ಏನೂ ತೆಗೆದುಕೊಳ್ಳಬಾರದೆಂದರು.

"ನಾನೂ ಇಲಾಖೆಯವಳೇ ಅಲ್ವಾ ಸಾರ್?" ಎಂದಳು. ಅವರು ನಕ್ಕು, ಚೀಲ ಬಿಚ್ಚಿಸಿ ಕಚೇರಿಯವರಿಗೆಲ್ಲ ಹಂಚಿಸಿ, ತಾವೂ ಒಂದು ಮುಷ್ಟಿ ತೆಗೆದುಕೊಂಡರು. ಅವಳಿಗೆ ಹೇಳಬೇಕೆಂದಿದ್ದ ಮಾತು ಬಹಳವಿತ್ತು. ಬಾಯಿಗೆ ಬಂದದ್ದು ಇಷ್ಟು: "ಬೈಸ್ಕಂಡ್ರಾ ಸಾರ್ ಅವತ್ತು?"

"ಚೆನ್ನಾಗಿ," ಎಂದರು ಅಮರೇಶ್.

ಎರಡನೇ ಹಂತ ಎರಡು ಸಾವಿರದ ಆರರಲ್ಲಿ ಬಂತು. ಎತ್ತರದ ಸೇತುವೆ, ಊರಬಾಗಿಲಿನವರೆಗೆ ಡಾಂಬರು. ಸರಿತಾ ಅಷ್ಟರಲ್ಲಿ ನರ್ಸಿಂಗ್ ತರಬೇತಿ ಮುಗಿಸಿ ರಾಂಪುರದ ಕಡೆ ಆರೋಗ್ಯ ಸಹಾಯಕಿಯಾಗಿದ್ದಳು. ಮರುವರ್ಷ ಮತ್ತೊಂದು ಎಣಿಕೆ ಬಂತು. ಹೊಸ ಕಾಗದ ತಂದುಕೊಟ್ಟ ಹೊನ್ನೂರಸ್ವಾಮಿಗೆ ಈಗ ತಲೆ ನೆರೆತಿತ್ತು, ನಿವೃತ್ತಿಗೆ ಆರು ತಿಂಗಳಿತ್ತು. ಕಾಗದದ ಕೊನೆಯಲ್ಲಿ ಬೆರಳಿಟ್ಟ.

"ನೋಡಮ್ಮ, ನಿನ್ ಕಲ್ಲಿಗೂ ಮನೆ ಕೊಟ್ಟವ್ರೆ. 'ಪಾದಚಾರಿಗಳು'."

ಹೊನ್ನಕ್ಕ ಕುಡಿಕೆಗಳನ್ನು ಸಾಲಾಗಿಟ್ಟು ಅದೇ ಹುಣಿಸೆಮರದ ಕೆಳಗೆ ಕೂತಳು. ಬಸ್ಸು ಆರು ಸಲ ಹಾದುಹೋಯಿತು. ಟೆಂಪೊ, ಆಟೊಗಳಿಗೆ ಬೀಜ ಸಾಲದೆ ತೊಗರಿಕಾಳು ತರಿಸಬೇಕಾಯಿತು. ಸಂಜೆ ಹೊನ್ನೂರಸ್ವಾಮಿ ಒಂದೊಂದನ್ನೂ ಎಣಿಸಿ ಬರೆಯುತ್ತ ಕೊನೆಗೆ ಕಲ್ಲಿನ ಕುಡಿಕೆ ಬಗ್ಗಿಸಿದ. ಅಂಗೈಗೆ ಬಿದ್ದದ್ದು ಒಂಬತ್ತು ಚೂರು.

"ಅಷ್ಟೇನಾ?"

"ಅಷ್ಟೇ. ಅದರಾಗೂ ನಾಕು ಕುರಿ ಕಾಯೋರು."

ಅವನು ಒಂಬತ್ತು ಎಂದು ಬರೆದ. ಹೊನ್ನಕ್ಕ ಆ ಚೂರುಗಳನ್ನು ಇಸಿದುಕೊಂಡು ಎಂದಿನಂತೆ ಮರದ ಬುಡಕ್ಕೆ ಹಾಕಿದಳು.

ಆ ವಾರವೇ ಕ್ಯಾತಪ್ಪ ಕೋಲೂರಿಕೊಂಡು ಅವಳ ಮನೆಗೆ ಬಂದ. ಕಣ್ಣು ಮಂದವಾಗಿತ್ತು. ಅವಳ ಗೋಡೆಯಲ್ಲೀಗ ಒಂದು ಕ್ಯಾಲೆಂಡರು ಇತ್ತು. ಸರಿತಾ ಹೊರಬೀಡು ಬರಬಹುದಾದ ಹುಣ್ಣಿಮೆಗಳಿಗೆ ಕೆಂಪು ಸುತ್ತು ಹಾಕಿಕೊಟ್ಟಿದ್ದಳು.

"ದನಕ್ಕೆ ಮತ್ತೆ ಜ್ವರ ಬಂದೈತೆ ಕಣವ್ವ. ಹುಣ್ಣಿಮೆ ಆದ ಮಂಗಳವಾರ ಹೊರಬೀಡು ಇಡಾಣ ಅಂತ," ಎಂದು ಜಗುಲಿಯ ಮೇಲೆ ಕೂತ. "ಅವತ್ತು ನಿಮ್ದೇನೂ ಇಲ್ಲವಲ್ಲ?"

ಹೊನ್ನಕ್ಕ ಎದ್ದು ಗೋಡೆಯ ಹತ್ತಿರ ಹೋಗಿ, ಸುತ್ತು ಹಾಕಿದ ಹುಣ್ಣಿಮೆಯಿಂದ ಮುಂದಿನ ಮಂಗಳವಾರಕ್ಕೆ ಬೆರಳು ಸರಿಸಿ, ಪಕ್ಕದ ಮನೆಯ ಹುಡುಗಿಯನ್ನು ಕೂಗಿ ದಪ್ಪಕ್ಷರವನ್ನು ಓದಿಸಿದಳು.

"ಇಲ್ಲ ಮಾವ, ಎಣಿಕೆ ಇಲ್ಲ. ಇಡಿ," ಎಂದಳು. "ನಾಳೆ ನಾನೇ ಹೋಗಿ ಡಿಪೋದಾಗೆ ತಾರೀಖು ಹೇಳಿ ಬರ್ತೀನಿ. ಅವತ್ತು ಬಸ್ಸು ಊರೊಳಗೆ ಬರಂಗಿಲ್ಲ, ಸೇತುವೆ ಹತ್ರಾನೇ ತಿರುಗಿಸ್ಕಂಡು ಹೋಗ್ಲಿ."